ತೆಪ್ಪದ ಮೇಲಿದ್ದ ಒಂಬತ್ತು ಮಂದಿ

ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಏಳು ವರ್ಷ ಮಾಡಿದ ಕೆಲಸವನ್ನು ಮರಳುವ ಉದ್ದೇಶವಿಲ್ಲದೆ ಬಿಟ್ಟವಳು ಇನ್ನಾವ ಪದ ಬಳಸಬೇಕೋ ನನಗೆ ತಿಳಿಯದು. ಸಿಂಗಪುರದ ಟೋವಾ ಪಾಯೋದಲ್ಲಿ, ಒಂದು ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ, ಪ್ರದರ್ಶನಗಳಿಗೆ ಬರಹ ಸಿದ್ಧಪಡಿಸಿಕೊಡುವ ಸಣ್ಣ ಸಂಸ್ಥೆಯಿತ್ತು. ಅಲ್ಲಿ ನಾನು ಸಂಶೋಧಕಿ. ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ನೀವು ಅರೆಬರೆ ಓದಿ ಮುಂದಕ್ಕೆ ದಾಟುವ ಫಲಕಗಳಿರುತ್ತವಲ್ಲ, ಅವನ್ನು ಬರೆಯುವವರು ನಾವು. ಈಗ ಪ್ರತಿವರ್ಷ ಇಬ್ಬರೋ ಮೂವರೋ ಕನ್ನಡದ ವಿದ್ಯಾರ್ಥಿಗಳು ಮೇಲ್ ಮಾಡಿ ಕೇಳುತ್ತಾರೆ: ಅಕ್ಕಾ, ಆ ಕೆಲಸ ಹೇಗಿರುತ್ತದೆ? ಬಿಡಿಬಿಡಿಯಾಗಿ ಉತ್ತರಿಸಿ ಸುಸ್ತಾಗಿದೆ. ಹೇಳಬೇಕಾದ್ದನ್ನು ಒಮ್ಮೆ ಪೂರ್ತಿಯಾಗಿ ಹೇಳಿಬಿಡುತ್ತೇನೆ.

ಮೊದಲು ಕಲಿಯುವುದು ಕತ್ತರಿಸುವುದನ್ನು. ಒಂದು ಫಲಕಕ್ಕೆ ಎಂಬತ್ತು ಪದ. ಒಂದು ಸಾಮ್ರಾಜ್ಯ ಬಿದ್ದದ್ದನ್ನೂ ಎಂಬತ್ತರಲ್ಲಿ ಹೇಳಬೇಕು, ಒಂದು ಹೊಲಿಗೆ ಯಂತ್ರ ಬಂದದ್ದನ್ನೂ ಎಂಬತ್ತರಲ್ಲೇ ಹೇಳಬೇಕು. ಸಂಸ್ಥೆಯ ಮುಖ್ಯಸ್ಥೆ ಮಿಸೆಸ್ ಲಿಮ್, ಅರವತ್ತು ದಾಟಿದ, ಒಮ್ಮೆಯೂ ದನಿ ಏರಿಸದ ಹೆಂಗಸು. ಪುಸ್ತಕ ಓದುವವನು ಕುಳಿತಿರುತ್ತಾನೆ, ನಮ್ಮ ಓದುಗ ನಿಂತಿರುತ್ತಾನೆ, ಅವನ ಕಾಲು ನೋಯುವುದರೊಳಗೆ ಮುಗಿಸು ಎನ್ನುತ್ತಿದ್ದರು. ಮೈಸೂರಿನಲ್ಲಿ ಒಂದು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮತ್ತೊಂದು ಸ್ನಾತಕೋತ್ತರ ಪದವಿ ಮುಗಿಸಿ, ಅಡಿಟಿಪ್ಪಣಿಗಳಲ್ಲೇ ಉಸಿರಾಡುತ್ತಿದ್ದ ನನಗೆ ಆ ಎಂಬತ್ತು ಪದಗಳು ಮೊದಲ ಆರು ತಿಂಗಳು ಉರುಳಾಗಿದ್ದವು.

ಮೊದಲ ದೊಡ್ಡ ತಪ್ಪೂ ಆ ಅವಧಿಯಲ್ಲೇ ಆಯಿತು. ಬಂದರಿನ ಹಳೆಯ ಮೇಸ್ತ್ರಿಗಳು ಸಾಲಾಗಿ ನಿಂತ ಒಂದು ಛಾಯಾಚಿತ್ರ. ಎಡದಿಂದ ಬಲಕ್ಕೆ ಐದು ಹೆಸರು ಬರೆದೆ. ಚಿತ್ರವೇ ಎಡಬಲ ತಿರುಗಿ ಮುದ್ರಿತವಾಗಿತ್ತು. ಹಿಂದಿನ ಅಂಗಡಿಯ ಫಲಕದ ಅಕ್ಷರಗಳು ಉಲ್ಟಾ ಇರುವುದನ್ನು ನಾನು ಗಮನಿಸಿರಲಿಲ್ಲ. ನಗರದ ಉತ್ತರದ ಅಂಚಿನ ವುಡ್‌ಲ್ಯಾಂಡ್ಸಿನಿಂದ ಒಂದು ಕುಟುಂಬ ಬಂದು, ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಮುತ್ತಜ್ಜನ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಯಿತು. ಅವರು ನಿಂತದ್ದು ಬೇರೆ ಯಾರದೋ ಮುತ್ತಜ್ಜನ ಪಕ್ಕದಲ್ಲಿ. ಮೂರು ವಾರದ ನಂತರ ತಪ್ಪು ಗೊತ್ತಾಯಿತು. ಮಿಸೆಸ್ ಲಿಮ್ ಬೈಯಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ ಎರಡು ಪೆನ್ಸಿಲ್ ಇದ್ದವು, ಒಂದು ಹಸಿರು, ಒಂದು ಕೆಂಪು. ನಿಯಮ ಸರಳವಾಗಿತ್ತು: ಎರಡು ಆಕರಗಳಿಂದ ದೃಢಪಟ್ಟ ವಾಕ್ಯಕ್ಕೆ ಹಸಿರು ಗೆರೆ, ಒಂದೇ ಆಕರವಿದ್ದರೆ ಕೆಂಪು. ಕೆಂಪು ಗೆರೆಯ ವಾಕ್ಯ ಗೋಡೆ ಹತ್ತುವುದಿಲ್ಲ.

ಆ ನಿಯಮ ನನ್ನನ್ನು ಉಳಿಸಿತು. ನಾನು ಅದನ್ನು ಪೂಜಿಸತೊಡಗಿದೆ. ಮಂತ್ರಿಯ ಭಾಷಣವಾಗಲಿ, ದಾನಿಯ ಕುಟುಂಬದ ಹೆಗ್ಗಳಿಕೆಯಾಗಲಿ, ಎರಡನೆಯ ಆಕರ ತೋರಿಸಿ ಎಂದು ನಿರ್ದಾಕ್ಷಿಣ್ಯವಾಗಿ ಕೇಳುತ್ತಿದ್ದೆ. ಕಚೇರಿಯಲ್ಲಿ ನನಗೆ ಕೆಂಪು ಪೆನ್ಸಿಲ್ ಎಂದೇ ಹೆಸರು ಬಿತ್ತು. ಅದನ್ನು ಪ್ರಶಸ್ತಿಯಂತೆ ಧರಿಸಿದೆ.

ಸಿಂಗಪುರ ಸ್ವತಂತ್ರವಾಗಿ ಐವತ್ತು ತುಂಬಿದ ಸಂಭ್ರಮದಲ್ಲಿದ್ದ ವರ್ಷ ನಮಗೊಂದು ಯುದ್ಧಕಾಲದ ಪ್ರದರ್ಶನ ಬಂತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕೆಲವು ಜಲಾಂತರ್ಗಾಮಿಗಳು ಆಫ್ರಿಕಾ ಖಂಡವನ್ನು ಬಳಸಿ ಹಿಂದೂ ಮಹಾಸಾಗರಕ್ಕೆ ಬಂದು, ಜಪಾನೀಯರ ವಶದಲ್ಲಿದ್ದ ಪೆನಾಂಗ್ ಮತ್ತು ಸಿಂಗಪುರದಲ್ಲಿ ತಂಗಿ, ದುರಸ್ತಿ ಮಾಡಿಸಿಕೊಂಡು, ಮತ್ತೆ ಬೇಟೆಗೆ ಹೋಗುತ್ತಿದ್ದವು. ಅಂಥ ಒಂದು ಜಲಾಂತರ್ಗಾಮಿಯ ಕಮಾಂಡರನೊಬ್ಬನ ಯುದ್ಧವೃತ್ತಿಯೇ ಪ್ರದರ್ಶನದ ವಸ್ತು. ತರಬೇತಿ, ಅಟ್ಲಾಂಟಿಕ್‌ನಲ್ಲಿ ಮುಳುಗಿಸಿದ ಹಡಗುಗಳು, ಪದಕ, ಪೂರ್ವದ ದೀರ್ಘ ಪಯಣ, ಇಲ್ಲಿನ ಬಂಗಲೆಯ ಜಗುಲಿಯಲ್ಲಿ ಬಿಳಿ ಅಂಗಿ ತೊಟ್ಟು ಅನಾನಸ್ ತಿನ್ನುತ್ತ ಕುಳಿತ ಚಿತ್ರ, ಶರಣಾಗತಿ, ಮುದಿತನದಲ್ಲಿ ಬರೆದ ನೆನಪುಗಳು. ಎಲ್ಲಕ್ಕೂ ಕಾಗದವಿತ್ತು. ಅವನಷ್ಟು ಅಚ್ಚುಕಟ್ಟಾಗಿ ದಾಖಲಾದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪ್ರಾಯೋಜಕರು ಕಳಿಸಿದ ಕರಡಿನಲ್ಲಿ ಅವನನ್ನು ಸಭ್ಯ ಯೋಧ ಎಂದು ಕರೆಯಲಾಗಿತ್ತು. ನಾನು ಉರಿದುಬಿದ್ದೆ. ನಿರಾಯುಧ ಸರಕು ಹಡಗುಗಳನ್ನು ಕತ್ತಲಲ್ಲಿ ಒಡೆದವನಿಗೆ ಸಭ್ಯತೆಯ ಬಿರುದು ಕೊಡುವವರು ಯಾರು? ಎರಡು ತಿಂಗಳು ಹೋರಾಡಿದೆ. ಕೊನೆಗೆ ಸಭ್ಯ ಎಂಬ ವಿಶೇಷಣ ಬಿತ್ತು. ಒಂದು ವಿಶೇಷಣ ಉರುಳಿಸಿದ್ದಕ್ಕೆ ಇತಿಹಾಸವನ್ನೇ ಗೆದ್ದಂತೆ ಆ ಸಂಜೆ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಇಡೀ ತಂಡಕ್ಕೆ ಕಬ್ಬಿನ ಹಾಲು ಕುಡಿಸಿದೆ.

ವಾಮನ ಅಂಕಲ್ ಬಂದದ್ದು ಇದಾದ ಮೇಲೆ. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಅವರು ನಮ್ಮ ಕಚೇರಿಯಿಂದ ಮೂರು ಬ್ಲಾಕ್ ಆಚೆ ಇದ್ದರು. ಹುಟ್ಟಿದ್ದು ಇಲ್ಲೇ, ತಂದೆ ನಾಗಪ್ಪ ಹೊನ್ನಾವರದ ಕಡೆಯವರು, ಲಸ್ಕರ್ ಆಗಿದ್ದವರು. ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರಿಗೆ ಲಸ್ಕರ್ ಎನ್ನುತ್ತಿದ್ದರು. ಬಾಯ್ಲರಿಗೆ ಕಲ್ಲಿದ್ದಲು ತೂರುವ ಕೆಲಸ. ಯುದ್ಧಕಾಲದಲ್ಲಿ ನಾಗಪ್ಪ ಇದ್ದ ಹಡಗನ್ನು ಒಡೆದದ್ದು ನಮ್ಮ ಕಮಾಂಡರನೇ ಎಂದು ಅಂಕಲ್‌ಗೆ ಹೊಳೆದದ್ದು ಪ್ರದರ್ಶನದ ಸುದ್ದಿ ಪತ್ರಿಕೆಯಲ್ಲಿ ಬಂದಾಗ: ಹಡಗಿನ ಹೆಸರು ಅಲ್ಲಿತ್ತು.

ಅವರು ತಮ್ಮ ಬ್ಲಾಕಿನ ತಳದ ತೆರೆದ ಅಂಗಳದಲ್ಲಿ, ಇಲ್ಲಿನವರು ವಾಯ್ಡ್ ಡೆಕ್ ಎನ್ನುವಲ್ಲಿ, ಕಲ್ಲುಬೆಂಚಿನ ಮೇಲೆ ಕುಳಿತು ಹೇಳಿದ್ದಿಷ್ಟು. ಹಡಗು ಒಡೆದ ಮೇಲೆ ಅಧಿಕಾರಿಗಳು ದೋಣಿಯಲ್ಲಿದ್ದರು. ಬಾಯ್ಲರ್ ಕೋಣೆಯವರ ದೋಣಿ ಚೂರಾಗಿತ್ತು. ಅವರಲ್ಲಿ ಹತ್ತು ಜನ ಹಲಗೆ ಕಟ್ಟಿದ ತೆಪ್ಪ ಹಿಡಿದರು. ಜಲಾಂತರ್ಗಾಮಿ ಮೇಲೆ ಬಂತು. ಕಮಾಂಡರ್ ದೋಣಿಯ ಹತ್ತಿರ ಹೋಗಿ ಹಡಗಿನ ಹೆಸರು ಕೇಳಿದ, ಒಂದು ಪೀಪಾಯಿ ನೀರು ಕೊಟ್ಟ, ನೆಲ ಯಾವ ದಿಕ್ಕಿಗಿದೆ ಎಂದು ತೋರಿಸಿದ. ತೆಪ್ಪದವರು ಕೂಗಿದರು. ಅವನು ತಿರುಗಿ ನೋಡಿದ, ನೋಡಿ ಕೆಳಗಿಳಿದ, ಮುಚ್ಚಳ ಮುಚ್ಚಿತು. ಈಜು ಬಲ್ಲ ನಾಗಪ್ಪ ನೀರಿಗೆ ಹಾರಿ ದೋಣಿ ಮುಟ್ಟಿದರು. ಉಳಿದ ಒಂಬತ್ತು ಮಂದಿಯನ್ನು ಯಾರೂ ಮತ್ತೆ ನೋಡಲಿಲ್ಲ.

"ಅಪ್ಪ ಬದುಕಿದ್ದಷ್ಟು ದಿನ ಮಹಾಲಯ ಅಮಾವಾಸ್ಯೆಗೆ ಸಮುದ್ರಕ್ಕೆ ಹೋಗಿ ಎಳ್ಳುನೀರು ಬಿಡ್ತಿದ್ದ," ಎಂದರು ಅಂಕಲ್. "ನಮ್ಮ ಹಿರಿಯರಿಗೆ ಆದ್ಮೇಲೆ ಅವರಿಗೆ. ಒಂಬತ್ತು ಜನಕ್ಕೂ ಹೆಸರು ಹೇಳಿ. ಹುಸೇನ್, ಇಬ್ರಾಹಿಂ, ಪಾಸ್ಕಲ್ ಎಲ್ಲ ಇದಾರೆ ಅದ್ರಲ್ಲಿ. ನಮ್ಮಮ್ಮ ಕೇಳಿದ್ಳಂತೆ, ಅವರ ಜಾತಿಲಿ ಇದೆಲ್ಲ ಉಂಟೇನ್ರೀ ಅಂತ. ಅಪ್ಪ ಹೇಳಿದ, ನೀರು ಕೇಳಿದ್ರು ಕಣೇ, ಜಾತಿ ಕೇಳ್ಲಿಲ್ಲ ಅಂತ. ಅಪ್ಪ ಹೋದ್ಮೇಲೆ ನಾನು ಬಿಡ್ತಾ ಇದೀನಿ."

ಇಬ್ಬರು ತಿಮ್ಮಂದಿರಿದ್ದರಂತೆ. ದೊಡ್ಡ ತಿಮ್ಮ ಕುಳ್ಳ, ಸಣ್ಣ ತಿಮ್ಮ ತೆಂಗಿನ ಮರ. ಹಾಗಾದರೆ ಹೆಸರು ಯಾಕೆ ಹಾಗೆ ಎಂದೆ. ಮೊದಲು ಬಂದವನು ದೊಡ್ಡವ, ಹಡಗಿನಲ್ಲಿ ಅದೇ ಲೆಕ್ಕ ತಂಗಿ ಎಂದು ನಕ್ಕರು.

ನಾನು ರೆಕಾರ್ಡರ್ ತೆಗೆದೆ. ಅವರು ಕೈ ಅಡ್ಡ ಹಿಡಿದರು. ಒಂಬತ್ತೂ ಹೆಸರನ್ನು ಒಟ್ಟಾಗಿ ಬಾಯಿಬಿಟ್ಟು ಹೇಳುವುದು ವರ್ಷಕ್ಕೆ ಒಂದೇ ದಿನ, ನೀರಿನ ಎದುರಿಗೆ ಮಾತ್ರ. ಬರೆದಿಡುವ ರೂಢಿಯೂ ಇರಲಿಲ್ಲ. ಬರೆದರೆ ಮನೆಯವರು ಮರೆಯುತ್ತಾರೆ ಎಂದು ನಾಗಪ್ಪ ಬಿಟ್ಟಿರಲಿಲ್ಲವಂತೆ. ಒಂದು ದಿನ ಯೋಚಿಸುತ್ತೇನೆ ಎಂದು ಹೋದವರು, ಮರುದಿನ ಟೀಚರ್ ಆಗಿರುವ ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ತಂದುಕೊಟ್ಟರು. ನೀಲಿ ಬಾಲ್‌ಪೆನ್ನಿನಲ್ಲಿ, ಇಲ್ಲಿನ ಶಾಲೆಯಲ್ಲಿ ಓದಿ ಮನೆಯಲ್ಲಷ್ಟೇ ಕನ್ನಡ ಕಲಿತವರ ಗುಂಡುಗುಂಡಾದ ಅಕ್ಷರದಲ್ಲಿ, ಒಂಬತ್ತು ಸಾಲು. ಅಪ್ಪ ತಪ್ಪು ತಿಳಿಯುವುದಿಲ್ಲ, ಗೋಡೆ ಮೇಲೆ ಬರುತ್ತದಲ್ಲ ಎಂದರು.

ನಾನು ಎರಡನೆಯ ಆಕರ ಕೇಳಿದೆ. ಒಂದು ಪತ್ರ, ಹಡಗಿನ ಪಟ್ಟಿ, ಏನಾದರೂ.

"ಎರಡನೇದು ಎಲ್ಲಿಂದ ತರ್ಲಿ ತಂಗಿ? ಎರಡನೇದು ಅಂದ್ರೆ ಆ ಒಂಬತ್ತು ಜನಾನೇ."

ಆ ಮಾತನ್ನು ನಾನು ನೋಟ್ ಮಾಡಿಕೊಂಡೆ. ಸೊಗಸಾದ ಮಾತು ಎನಿಸಿತ್ತು. ಕಚೇರಿಗೆ ಹೋಗಿ ಹಾಳೆಯ ಎಡ ಅಂಚಿಗೆ ಮೇಲಿಂದ ಕೆಳಗಿನ ತನಕ ಕೆಂಪು ಗೆರೆ ಎಳೆದೆ. ಒಂಬತ್ತನೆಯ ಹೆಸರು ಸರಿಯಾಗಿ ಓದಲಾಗಲಿಲ್ಲ; ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ಅಂಕಲ್ ಮನೆ ನಡೆದರೆ ಐದು ನಿಮಿಷ. ಹೋಗಿ ಕೇಳಬಹುದಿತ್ತು. ಹೇಗೂ ಗೋಡೆ ಹತ್ತದ ಹೆಸರು ಎಂದು ಬಿಟ್ಟೆ.

ಫಲಕದಲ್ಲಿ ಉಳಿದದ್ದು ಹಸಿರು ವಾಕ್ಯ. ಬದುಕುಳಿದವರಿಗೆ ಕಮಾಂಡರ್ ನೀರು ಕೊಟ್ಟು ದಿಕ್ಕು ತೋರಿಸಿದ. ಭಾರತೀಯ ಸಿಬ್ಬಂದಿಯಲ್ಲಿ ಕೆಲವರು ಅಸುನೀಗಿದರು. ಇಡೀ ಫಲಕ ಎಪ್ಪತ್ತೊಂಬತ್ತು ಪದವಾಗಿತ್ತು, ಒಂದು ಪದ ಉಳಿಸಿದ್ದೇನೆ ಎಂದು ಬೀಗಿದ್ದೆ.

ಪ್ರದರ್ಶನ ತೆರೆದ ದಿನ ಅಂಕಲ್ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು ಮಗಳು ಶೈಲಾಳೊಂದಿಗೆ ಬಂದರು. ಶೈಲಾ ಪ್ರಾಥಮಿಕ ಶಾಲೆಯ ಟೀಚರ್. ಅಂಕಲ್ ಆ ಫಲಕದ ಮುಂದೆ ಬಹಳ ಹೊತ್ತು ನಿಂತರು. ಮಿಸೆಸ್ ಲಿಮ್ ಹೇಳುತ್ತಿದ್ದ ಕಾಲುನೋವಿನ ಮಿತಿಯನ್ನು ಎಂದೋ ದಾಟಿ ನಿಂತರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಕೆಲವರು ಅಂದರೆ ಅವರೇ ಅಲ್ಲವೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ತಲೆಯಾಡಿಸಿ, ಕುಡಿಯಲು ನೀರು ಹುಡುಕಿಕೊಂಡು ಹೋದರು.

ಅಲ್ಲೇ ಉಳಿದ ಶೈಲಾಳಿಗೆ ನಾನು ನಿಯಮ ವಿವರಿಸಿದೆ. ಕಮಾಂಡರನ ಮಾತಿಗೆ ಎರಡು ಆಕರಗಳಿದ್ದವು: ಅವನ ಜಲಾಂತರ್ಗಾಮಿಯ ದಿನಚರಿ ಮತ್ತು ಅವನು ನಂತರ ಬರೆದ ನೆನಪುಗಳು.

"ದಿನಚರಿ ಯಾರು ಬರ್ದಿದ್ದು?" ಎಂದಳು.

"ಅವನೇ."

"ನೆನಪುಗಳು?"

ನಾನು ಫಲಕದ ಕಡೆ ತಿರುಗಿದೆ.

"ಸೋ ಎರಡೂ ಅವನೇ ಲಾ," ಎಂದಳು ಶೈಲಾ, ತರಗತಿಯಲ್ಲಿ ಮಗುವಿನ ಲೆಕ್ಕ ತಿದ್ದುವ ದನಿಯಲ್ಲಿ. "ಅವನು ಎರಡು ಸಲ ಹೇಳಿದ್ರೆ ಹಸಿರು. ನಮ್ಮಪ್ಪ ವರ್ಷ ವರ್ಷ ಹೇಳಿದ್ರೆ ಕೆಂಪು."

ಎರಡು ಸ್ನಾತಕೋತ್ತರ ಪದವಿಗಳು, ಆರೂವರೆ ವರ್ಷದ ಅನುಭವ, ಒಂದು ವಿಶೇಷಣದ ಮೇಲಿನ ಎರಡು ತಿಂಗಳ ಯುದ್ಧ. ಇಷ್ಟರಲ್ಲಿ ಎಲ್ಲಿಯೂ ನನಗೆ ಆ ಪ್ರಶ್ನೆ ಹುಟ್ಟಿರಲಿಲ್ಲ. ಕಾಗದ ಎರಡಿದ್ದರೆ ಬಾಯಿಯೂ ಎರಡು ಎಂದು ನಂಬಿದ್ದೆ. ಬಿಳಿ ಅಂಗಿಯ ಮನುಷ್ಯನಿಗೆ ದಿನಚರಿ ಬರೆಯಲು ಮೇಜಿತ್ತು, ದೀಪವಿತ್ತು, ಮುದಿತನವೂ ಇತ್ತು. ತೆಪ್ಪದ ಮೇಲಿದ್ದವರ ಹತ್ತಿರ ಹಿಡಿದುಕೊಳ್ಳಲು ಹಲಗೆಯಷ್ಟೇ ಇತ್ತು. ಇದನ್ನು ನಾನು ಬೇರೆಯವರ ವಿಷಯದಲ್ಲಿ ಎಷ್ಟು ವೀರಾವೇಶದಿಂದ ಬರೆದಿದ್ದೆ! ನನ್ನ ಮೇಜಿನ ಮೇಲೆ, ನನ್ನ ಪೆನ್ಸಿಲ್‌ನಿಂದ ಅದೇ ನಡೆದಾಗ ಕಾಣಲಿಲ್ಲ.

ಆಮೇಲೆ ಮಾಡಿದ್ದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ: ಹೋರಾಟ. ಫಲಕ ಬದಲಿಸಬೇಕು, ಒಂಬತ್ತು ಹೆಸರು ಹಾಕಬೇಕು, ಕಮಾಂಡರನ ಎರಡು ಆಕರಗಳೂ ಒಂದೇ ಎಂದು ಒಪ್ಪಿಕೊಳ್ಳಬೇಕು ಎಂದು ಆರು ಪುಟದ ಪತ್ರ ಬರೆದೆ. ಆರರಲ್ಲಿ ಐದೂವರೆ ಪುಟ ಕಮಾಂಡರನ ವಿರುದ್ಧ. ಹೆಸರುಗಳ ಬಗ್ಗೆ ಒಂದೇ ವಾಕ್ಯ: ಅವು ಕಡತದಲ್ಲಿವೆ. ಟೈಪ್ ಮಾಡುವ ಗೋಜಿಗೂ ಹೋಗಲಿಲ್ಲ. ಮಿಸೆಸ್ ಲಿಮ್ ಪೂರ್ತಿ ಓದಿದರು. ನೀನು ಹೇಳುವುದು ಸರಿ, ಆದರೆ ಮುದ್ರಣ ಮುಗಿದಿದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಮುಂದಿನ ಆವೃತ್ತಿ ಟಚ್ ಸ್ಕ್ರೀನ್ ಆಗುವುದರಲ್ಲಿತ್ತು. ಆಗ ಪದಗಳ ಮಿತಿಯೇ ಇರುವುದಿಲ್ಲ ಎಂಬ ಆಸೆಯನ್ನೂ ತೋರಿಸಿದರು. ನಾನು ಮತ್ತೆರಡು ಪತ್ರ ಬರೆದೆ. ಪ್ರಾಯೋಜಕರಿಗೆ ಬರೆದೆ. ಪತ್ರಿಕೆಗೆ ಬರೆದೆ. ಯಾರಿಗೂ ಬರೆಯದೆ ಆ ಹಾಳೆಯನ್ನು ಕಡತದಿಂದ ತೆಗೆದು ನನ್ನ ಕೈಚೀಲದಲ್ಲಿ ಇಟ್ಟುಕೊಂಡಿದ್ದರೆ ಸಾಕಿತ್ತು.

ಪ್ರದರ್ಶನ ಮುಗಿದ ಮೇಲೆ ಕಡತಗಳನ್ನು ವಿಂಗಡಿಸುವುದು ನಮ್ಮ ವೃತ್ತಿಯ ಅತ್ಯಂತ ಬೇಸರದ ಕೆಲಸ. ಬೂನ್ ಲೇ ಗೋದಾಮಿನಲ್ಲಿ ಕುಳಿತು ಮೂರು ರಾಶಿ ಮಾಡಬೇಕು: ಮೂಲಗಳು ಮಾಲೀಕರಿಗೆ ವಾಪಸ್ಸು, ಹಸಿರು ಆಕರಗಳು ಸ್ಕ್ಯಾನ್ ಆಗಿ ಸಂಗ್ರಹಕ್ಕೆ, ಕೆಂಪು ಗೆರೆಯ ಪ್ರತಿಗಳು ಚೂರು ಮಾಡುವ ಯಂತ್ರಕ್ಕೆ. ಪಟ್ಟಿಯನ್ನು ನಾನು ಹಾಳೆಗಳು ಬಂದ ದಿನಗಳಲ್ಲೇ ತುಂಬಿದ್ದೆ. ಅಂಕಲ್ ಕೊಟ್ಟ ಹಾಳೆಯ ಎದುರು ಮೂಲವೋ ಪ್ರತಿಯೋ ಎಂಬ ಕಾಲಂನಲ್ಲಿ ಪ್ರತಿ ಎಂದು ಬರೆದಿದ್ದೆ. ನಿನ್ನೆ ಬರೆದ ನೋಟ್‌ಬುಕ್ ಹಾಳೆ ಮೂಲ ಹೇಗಾದೀತು? ನೂರ ನಲವತ್ತು ಹಾಳೆಗಳ ಪಟ್ಟಿಗೆ ಕೊನೆಯಲ್ಲಿ ಒಂದೇ ಸಹಿ. ಸಹಿ ಮಾಡುವಾಗ ನಾನು ಫೋನಿನಲ್ಲಿ ಯಾರಿಗೋ ಕಮಾಂಡರನ ಹೊಣೆಗಾರಿಕೆಯ ಬಗ್ಗೆ ವಿವರಿಸುತ್ತಿದ್ದೆ.

ಆ ವರ್ಷದ ಜೂನ್‌ನಲ್ಲೇ ಅಂಕಲ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಮಾತು ಮರಳಿತ್ತು, ಆದರೆ ನಡುನಡುವೆ ತೂತು. ಎಂಆರ್‌ಟಿ ರೈಲು ಎನ್ನಲು ಹೋಗಿ ಕ್ರೇನ್ ಎನ್ನುತ್ತಿದ್ದರು, ನನಗೆ ಒಮ್ಮೊಮ್ಮೆ ಟೀಚರ್ ಎನ್ನುತ್ತಿದ್ದರು. ಅಕ್ಟೋಬರಿನಲ್ಲಿ ಶೈಲಾಳ ಮೆಸೇಜ್ ಬಂತು: ನಾಳೆ ಮಹಾಲಯ, ಅಪ್ಪ ನೀನು ಬರಬೇಕು ಅಂತಿದಾರೆ.

ಸುಮಾತ್ರಾದ ಕಾಡಿನ ಹೊಗೆ ಊರನ್ನೆಲ್ಲ ಮುಚ್ಚಿದ್ದ ವರ್ಷ ಅದು. ಬೆಳಗ್ಗೆ ಎಂಟಾದರೂ ಚಾಂಗಿಯ ಕಡಲತೀರದಲ್ಲಿ ಸೂರ್ಯ ಬಾಡಿದ ಕಿತ್ತಳೆಯಂತಿದ್ದ. ಆಚೆ ನಿಂತ ಹಡಗುಗಳು ಕಾಣುತ್ತಿರಲಿಲ್ಲ. ಶೈಲಾ ಮಾಸ್ಕ್ ಕೊಟ್ಟರೆ ಅಂಕಲ್ ಬೇಡವೆಂದರು. ಪ್ಯಾಂಟು ಮಡಚಿ, ಒಂದು ಕೈಯನ್ನು ಮಗಳ ಹೆಗಲ ಮೇಲಿಟ್ಟು ಮೊಣಕಾಲು ನೀರಿಗೆ ಇಳಿದರು. ಪ್ರತಿವರ್ಷ ಅವಳು ಮರಳಿನ ಮೇಲೆ ದೂರ ನಿಲ್ಲುತ್ತಿದ್ದವಳು; ಆ ಹೆಸರುಗಳನ್ನು ಅಷ್ಟು ಹತ್ತಿರದಿಂದ ಕೇಳುವುದು ಅವಳಿಗೂ ಮೊದಲ ಸಲ. ತಾಮ್ರದ ಚೊಂಬಿನಲ್ಲಿ ಎಳ್ಳು ಕಲಸಿದ ನೀರು.

ಹಿರಿಯರದು ಮುಗಿಯಿತು. ಆಮೇಲೆ ಅವರ ದನಿ ಬದಲಾಯಿತು. ಕೆಲಸಕ್ಕೆ ಹಾಜರಿ ಕರೆಯುವವರ ದನಿ. ಒಂದೊಂದು ಹೆಸರಿಗೂ ಒಂದೊಂದು ಧಾರೆ. ಎಲ್ಲಿಯೂ ತಡವರಿಸಲಿಲ್ಲ. ಎಂಟು ಆಯಿತು. ಚೊಂಬು ಬಾಗಿತು, ನೀರು ಅಂಚಿಗೆ ಬಂತು, ನಿಂತಿತು.

ಅವರ ತುಟಿ ಎರಡು ಮೂರು ಸಲ ಆಡಿತು. ಶೈಲಾ ಅಪ್ಪಾ ಎಂದಳು. ಅವರು ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಗಾಬರಿಯಿರಲಿಲ್ಲ, ನೆಮ್ಮದಿಯಿತ್ತು.

"ಒಬ್ಬ ಸಿಗ್ತಾ ಇಲ್ಲ," ಎಂದರು. "ಪರವಾಗಿಲ್ಲ. ನಿನ್ನ ಹತ್ರ ಬರೆದು ಕೊಟ್ಟಿದೀನಲ್ಲ ತಂಗಿ. ಹೇಳು."

ನನಗೆ ನೆನಪಿದ್ದದ್ದು ಒಂಬತ್ತನೆಯ ಸಾಲಿನ ಪಕ್ಕ ನಾನೇ ಹಾಕಿದ ಪ್ರಶ್ನೆಚಿಹ್ನೆ. ಅದರ ವಕ್ರ, ಅದರ ಕೆಳಗಿನ ಚುಕ್ಕೆ, ಕೆಂಪು ಬಣ್ಣ, ಎಲ್ಲವೂ. ಹೆಸರಿಲ್ಲ.

ಸುಳ್ಳು ಹೇಳಬಹುದಿತ್ತು. ಯಾವುದಾದರೊಂದು ಹೆಸರು ಹೇಳಿದ್ದರೆ ಅವರು ನಂಬಿ ನೀರು ಬಿಡುತ್ತಿದ್ದರು. ಹೇಳಲಿಲ್ಲ. ಬಹುಶಃ ಅಷ್ಟು ಮಾತ್ರ ನಾನು ಆ ವರ್ಷ ಸರಿಯಾಗಿ ಮಾಡಿದ್ದು.

"ಇಲ್ಲ ಅಂಕಲ್. ಆ ಹಾಳೆ ಈಗಿಲ್ಲ. ನಾನೇ ಸಹಿ ಹಾಕಿ ಚೂರು ಮಾಡಿಸಿದೆ."

ಅಲೆಯೊಂದು ಬಂದು ಹೋಯಿತು. ಶೈಲಾ ನನ್ನ ಕಡೆ ನೋಡಲಿಲ್ಲ. ಅಂಕಲ್ ಚೊಂಬನ್ನು ನನ್ನ ಕೈಗೆ ಕೊಟ್ಟರು.

"ಹಾಗಾದ್ರೆ ಅವನಿಗೆ ನೀನು ಬಿಡು. ಪ್ರತಿವರ್ಷ."

ಬಿಟ್ಟೆ. ಏನೂ ಹೇಳದೆ ಬಿಟ್ಟೆ. ಮರುವಾರ ರಾಜೀನಾಮೆ ಕೊಟ್ಟೆ. ಅದನ್ನು ಯಾರೂ ತ್ಯಾಗವೆಂದು ಭಾವಿಸಬಾರದು. ಅಂದಿನಿಂದ ಎಷ್ಟೋ ಪತ್ರಾಗಾರಗಳಿಗೆ ಆ ಹಡಗಿನ ಸಿಬ್ಬಂದಿಯ ಪಟ್ಟಿ ಕೇಳಿ ಬರೆದಿದ್ದೇನೆ. ಸಿಕ್ಕ ಒಂದೇ ಪಟ್ಟಿಯಲ್ಲಿ ಅಧಿಕಾರಿಗಳ ಹೆಸರು, ಹುಟ್ಟೂರು, ವಯಸ್ಸು ಇವೆ. ಕೊನೆಯ ಸಾಲು ಇಷ್ಟೇ: ‘ಮತ್ತು ಭಾರತೀಯ ಸಿಬ್ಬಂದಿ’. ಆ ಪಟ್ಟಿ ಬರೆದ ಗುಮಾಸ್ತನ ಮೇಲೆ ಸಿಟ್ಟಾಗಲು ಹೊರಟೆ. ಆ ಹಕ್ಕು ನನಗಿಲ್ಲವೆಂದು ಹೊಳೆದು ಸುಮ್ಮನಾದೆ.

ಈ ಕೆಲಸಕ್ಕೆ ಬರುವವರೇ, ಹೊಣೆಗಾರಿಕೆ ಕೇಳಿ; ಕೇಳುವುದನ್ನು ಬಿಡಬೇಡಿ. ಸತ್ತ ಕಮಾಂಡರನನ್ನೂ ಕೇಳಿ, ಬದುಕಿರುವ ಪ್ರಾಯೋಜಕರನ್ನೂ ಕೇಳಿ. ಆದರೆ ಕೇಳುತ್ತಿರುವಾಗ ನಿಮ್ಮ ಕೈಗೆ ಯಾರೋ ಏನನ್ನೋ ಕೊಟ್ಟಿರುತ್ತಾರೆ, ಮೊದಲು ಅದನ್ನು ಭದ್ರವಾಗಿಡಿ.

ಅಂಕಲ್ ಅನುಮತಿ ಕೊಟ್ಟಿದ್ದಾರೆ, ಬರೆಯುತ್ತೇನೆ. ಭಟ್ಕಳದ ಹುಸೇನ್. ಭಟ್ಕಳದ ಇಬ್ರಾಹಿಂ. ಹೊನ್ನಾವರದ ಪಾಸ್ಕಲ್. ಕುಮಟೆಯ ದೇವು. ದೊಡ್ಡ ತಿಮ್ಮ. ಸಣ್ಣ ತಿಮ್ಮ. ಸಿಲ್ಹೆಟ್ಟಿನ ಅಬ್ದುಲ್ಲ. ಮಂಕಿಯ ಜಟ್ಟಿ.

ಈ ಎಂಟಕ್ಕೂ ಒಂದೇ ಆಕರ. ಒಂಬತ್ತನೆಯವನಿಗೂ ಒಂದಿತ್ತು. ಅದಕ್ಕೆ ಕೆಂಪು ಗೆರೆ ಎಳೆದವಳು ನಾನು. ಕರಾವಳಿಯ ಯಾವುದಾದರೂ ಮನೆಯಲ್ಲಿ ಯುದ್ಧಕಾಲದಲ್ಲಿ ಹಡಗಿಗೆ ಹೋಗಿ ಬಾರದವನೊಬ್ಬನ ಹೆಸರು ಇಂದಿಗೂ ಯಾರ ಬಾಯಲ್ಲಾದರೂ ಉಳಿದಿದ್ದರೆ, ತಿಳಿಸಿ. ನಾನು ಎರಡನೆಯ ಆಕರ ಕೇಳುವುದಿಲ್ಲ.